ಆದಿಮಾನವ ಜಿಮ್ಮಿಗೆ ಹೋಗುತ್ತಿದ್ದನೇ?

ಇಂಟರ್ವಲ್ ಮಾತು

ಯಾವ ಹೀರೋನ ಕಾಲ್‌ಶೀಟು ಯಾರ ಕೈಯಲ್ಲಿದೆ, ಯಾವ ಚಿತ್ರದ ಶೂಟಿಂಗು ಎಲ್ಲಿ ನಿಂತಿದೆ ಎಂಬ ಸುದ್ದಿ ಬೇಕಾದವರು ಎರಡು ಪುಟ ಮುಂದಕ್ಕೆ ತಿರುವಿರಿ. ಈ ವಾರ ಈ ಪುಟದಲ್ಲಿ ಗಾಸಿಪ್ಪಿಲ್ಲ. ಒಂದು ತಪ್ಪೊಪ್ಪಿಗೆ ಇದೆ. ತಪ್ಪು ಮಾಡಿದವನು ಬೇರೆ ಯಾರೂ ಅಲ್ಲ, ನಿಮ್ಮ ಈ ಕಾಲಂಕಾರ!

ಕೆಲವು ತಿಂಗಳ ಹಿಂದೆ ಇದೇ ಜಾಗದಲ್ಲಿ 'ರೊಟ್ಟಿ ಬಿಡಿ, ಹೀರೋ ಆಗಿ' ಅಂತ ಬರೆದಿದ್ದೆ. ನೆನಪಿದೆಯಲ್ಲ? ಪ್ಯಾಲಿಯೋ ಎಂಬ ಊಟದ ಪದ್ಧತಿಯನ್ನು ಹೊಗಳಿದ್ದೇ ಹೊಗಳಿದ್ದು. ಅನ್ನ ಬೇಡ, ರೊಟ್ಟಿ ಬೇಡ, ಬೇಳೆ ಬೇಡ. ಮಾಂಸ ತಿನ್ನಿ, ಅದರ ಕೊಬ್ಬನ್ನೂ ಬಿಡದೆ ತಿನ್ನಿ, ಹೊಟ್ಟೆ ತಾನಾಗಿ ಒಳಗೆ ಹೋಗುತ್ತದೆ ಅಂತ ಡಂಗುರ ಸಾರಿದ್ದೆ. ಆ ವಾರ ಬಂದಷ್ಟು ಪತ್ರ ಈ ಕಾಲಂಗೆ ಹಿಂದೆಂದೂ ಬಂದಿರಲಿಲ್ಲ. ಸಂಪಾದಕರು ಬೆನ್ನು ತಟ್ಟಿದರು. ನಾನೂ ಕಾಲರ್ ಎತ್ತಿಕೊಂಡು ಓಡಾಡಿದೆ.

ಅವತ್ತು ಎತ್ತಿದ ಕಾಲರನ್ನು ಇವತ್ತು ಇಳಿಸುತ್ತಿದ್ದೇನೆ. ಯಾಕೆ ಅಂತ ಮೊದಲಿನಿಂದ ಹೇಳುತ್ತೇನೆ, ಕೇಳಿ.

ಗುಮ್ಮಟದಂಥ ಹೊಟ್ಟೆ

ನಾನು ತಿಕೋಟಾದವನು. ದ್ರಾಕ್ಷಿ, ಮಣೂಕದ ಊರು. ಈಗ ವಿಜಯಪುರದಲ್ಲಿ ಬಾಡಿಗೆ ಖೋಲಿ. ಒಂದು ವರ್ಷದ ಹಿಂದೆ ನನ್ನ ತೂಕ 86 ಕಿಲೋ. ನಮ್ಮ ಗೋಳಗುಮ್ಮಟದ ಗುಮ್ಮಟ ಸುಮಾರು 44 ಮೀಟರ್ ಅಗಲ ಇದ್ದೂ ನಡುವೆ ಒಂದು ಕಂಬವಿಲ್ಲದೆ ನಿಂತಿದೆ. ನನ್ನ ಗುಮ್ಮಟ ಬೆಲ್ಟಿನ ಆಧಾರದ ಮೇಲೆ ನಿಂತಿತ್ತು, ಅಷ್ಟೇ ವ್ಯತ್ಯಾಸ.

ಸಿನಿಮಾ ಪತ್ರಕರ್ತನಿಗೆ ಹೊಟ್ಟೆ ಇದ್ದರೇನು ಅಂತೀರಾ? ಸೆಟ್ಟಿಗೆ ಹೋದಾಗ ಗೊತ್ತಾಗುತ್ತದೆ. 2007ರಲ್ಲಿ 'ಓಂ ಶಾಂತಿ ಓಂ' ಬಂತು, ಶಾರುಖ್ ಅಂಗಿ ಬಿಚ್ಚಿದರು. ಅಲ್ಲಿಂದ ನಾಯಕನಟರಿಗೆ ಮುಖವೊಂದೇ ಸಾಲದಾಯಿತು, ಹೊಟ್ಟೆಯ ಮೇಲೆ ಆರು ಕಟ್ಟೂ ಬೇಕಾದವು. 2019ರಲ್ಲಿ 'ಪೈಲ್ವಾನ್' ಚಿತ್ರಕ್ಕೆ ನಮ್ಮ ಸುದೀಪ್ ಮೈ ಹುರಿ ಮಾಡಿ ಅಖಾಡಕ್ಕಿಳಿದಾಗ ವಿಜಯಪುರದ ಜಿಮ್ಮುಗಳಲ್ಲಿ ನಿಲ್ಲಲು ಜಾಗ ಇರಲಿಲ್ಲ. ಈಗ ನಾಯಕನ ಹಿಂದೆ ನಿಂತು ಒದೆ ತಿನ್ನುವ ಹುಡುಗನಿಗೂ ಎದೆ, ತೋಳು ಬೇಕು. ಅವರ ನಡುವೆ ನೋಟ್‌ಬುಕ್ ಹಿಡಿದು ನಿಂತ ನಾನು ಅಡುಗೆ ಗುತ್ತಿಗೆದಾರನಂತೆ ಕಾಣುತ್ತಿದ್ದೆ.

ನಾನೂ ಒಂದು ಜಿಮ್ಮು ಸೇರಿದೆ. ಅಲ್ಲಿಯ ಹಿರಿಯ ಹುಡುಗನೊಬ್ಬ ಕಿವಿಯಲ್ಲಿ ಮಂತ್ರ ಊದಿದ: "ಅಣ್ಣಾ, ರೊಟ್ಟಿ ಬಿಡು. ನಮ್ಮ ಹಿರ್ಯಾರು ಲಕ್ಷಾಂತರ ವರ್ಷ ಬ್ಯಾಟಿ ಆಡಿ ಮಾಂಸ ತಿಂದಾರ. ಜ್ವಾಳ ಬಿತ್ತಿದ್ದು ನಿನ್ನೆ ಮೊನ್ನೆ. ನಮ್ಮ ಹೊಟ್ಟಿಗೆ ಕಾಳು ಹೊಂದಂಗಿಲ್ಲ."

ಮಾತು ಎಷ್ಟು ಚೆಂದ ಇದೆ ನೋಡಿ! ಕೇಳಿದ ಕೂಡಲೇ ನಿಜ ಅನ್ನಿಸುತ್ತದೆ. ಇದು ಅವನ ಸ್ವಂತದ್ದೂ ಅಲ್ಲ. ಅಮೆರಿಕದ ವಾಲ್ಟರ್ ವೋಗ್ಟ್‌ಲಿನ್ ಎಂಬ ವೈದ್ಯ 1975ರಲ್ಲೇ 'ಶಿಲಾಯುಗದ ಊಟ' ಅಂತ ಪುಸ್ತಕ ಬರೆದ. 1985ರಲ್ಲಿ ಈಟನ್ ಮತ್ತು ಕಾನರ್ ಎಂಬಿಬ್ಬರು ದೊಡ್ಡ ವೈದ್ಯ ಪತ್ರಿಕೆಯೊಂದರಲ್ಲಿ ಇದರ ಬಗ್ಗೆ ಲೇಖನ ಬರೆದರು. 2002ರಲ್ಲಿ ಲಾರೆನ್ ಕಾರ್ಡೇನ್ ಎಂಬ ಪ್ರೊಫೆಸರರ 'ದಿ ಪ್ಯಾಲಿಯೋ ಡಯೆಟ್' ಬಂತು. ಅಲ್ಲಿಂದ ಊರೂರಿಗೆ ಹರಿಯಿತು. ನಮ್ಮ ಪಕ್ಕದ ತಮಿಳುನಾಡಿನಲ್ಲಂತೂ ಕೊಬ್ಬು ಹೆಚ್ಚಿಸಿದ ಪ್ಯಾಲಿಯೋಗೆ ದೊಡ್ಡ ಅಭಿಮಾನಿ ಬಳಗವೇ ಇದೆ.

ನಾನು ಹಿಂದುಮುಂದು ನೋಡಲಿಲ್ಲ. ಮುಂಜಾನೆ ನಾಲ್ಕು ತತ್ತಿ, ಮಧ್ಯಾಹ್ನ ಮಟನ್, ರಾತ್ರಿ ಮತ್ತೆ ಮಟನ್ ಇಲ್ಲವೇ ಪಾಯಾ. ಕಿಲೋ ಮಟನ್ ಏಳುನೂರು ರೂಪಾಯಿ ದಾಟಿದ ಈ ಕಾಲದಲ್ಲಿ ಬರವಣಿಗೆಯ ಸಂಬಳದಲ್ಲಿ ಎಷ್ಟು ದಿನ ನಡೆದೀತು? ಅದಕ್ಕೂ ಉಪಾಯ ಸಿಕ್ಕಿತು. ಅಂಗಡಿಯವನು ತೆಗೆದು ಒಗೆಯುವ ಚರಬಿ ಅಗ್ಗ. ತಂದು ಕರಗಿಸಿ ಡಬ್ಬಿಗೆ ತುಂಬಿದೆ. ತತ್ತಿ ಹುರಿಯುವುದು ಅದರಲ್ಲೇ, ಪಲ್ಯ ತಾಳಿಸುವುದು ಅದರಲ್ಲೇ. ಹಸಿವಾದರೆ ಕರಿದ ಚರಬಿಯ ತುಂಡು.

ನಾಲ್ಕು ತಿಂಗಳಲ್ಲಿ 86 ಇದ್ದದ್ದು 75 ಆಯಿತು. ಸುಳ್ಳಲ್ಲ. ಪ್ಯಾಂಟು ಜಾರತೊಡಗಿತು. ಮಧ್ಯಾಹ್ನದ ತೂಕಡಿಕೆ ಹೋಯಿತು. ಸೆಟ್ಟಿನಲ್ಲಿ ಸ್ಟಂಟ್ ಹುಡುಗನೊಬ್ಬ "ಏನ್ ಸಾರ್, ಹೀರೋ ಆಗೋ ಪ್ಲಾನಾ?" ಅಂದ. ಅವತ್ತು ರಾತ್ರಿಯೇ ಕೂತು ಆ ಕಾಲಂ ಬರೆದೆ.

ಅಕ್ಟೋಬರ್ 29

ಈ ತಾರೀಖು ನಿಮಗೆ ನಾನು ಹೇಳಿಕೊಡಬೇಕಿಲ್ಲ. 2021ರ ಅಕ್ಟೋಬರ್ 29ರಂದು ಅಪ್ಪು ಹೋದರು. 46 ವಯಸ್ಸು. ಅದಕ್ಕಿಂತ ಮುಂಚೆ, 2020ರ ಜೂನ್ 7ರಂದು ಚಿರಂಜೀವಿ ಸರ್ಜಾ ಹೋದಾಗ ಇನ್ನೂ 35. ಅವರು ಏನು ತಿಂದರು, ಎಷ್ಟು ಕಸರತ್ತು ಮಾಡಿದರು ಅಂತ ಟೀ ಅಂಗಡಿಯಲ್ಲಿ ಕೂತು ಪೋಸ್ಟ್‌ಮಾರ್ಟಂ ಮಾಡುವುದು ನಮಗೆ ಬೇಡ, ಅದು ಸಭ್ಯತೆಯೂ ಅಲ್ಲ. ಆದರೆ ಒಂದು ಮಾತು ಕರ್ನಾಟಕದ ಪ್ರತಿ ಹುಡುಗನ ಎದೆಗೆ ನಾಟಿತು: ಹೊರಗೆ ಗಟ್ಟಿಮುಟ್ಟಾಗಿ ಕಂಡ ದೇಹದ ಒಳಗೆ ಏನು ನಡೆದಿದೆ ಅಂತ ಕನ್ನಡಿ ಹೇಳುವುದಿಲ್ಲ.

ಅಂದಿನಿಂದ ಅಪ್ಪು ನೆನಪಿನ ದಿನ ಅಭಿಮಾನಿಗಳು ರಕ್ತದಾನ, ಆರೋಗ್ಯ ತಪಾಸಣೆ ಶಿಬಿರ ಇಡುತ್ತಾರೆ. ವಿಜಯಪುರದ ಒಂದು ಶಿಬಿರಕ್ಕೆ ನಾನು ಎರಡು ವರ್ಷದಿಂದ ಹೋಗುತ್ತಿದ್ದೇನೆ, ಸುದ್ದಿ ಬರೆಯುವ ನೆಪದಲ್ಲಿ. ಈ ಸಲ ಹೆಮ್ಮೆಯಿಂದಲೇ ತೋಳು ಚಾಚಿದೆ. ಹನ್ನೊಂದು ಕಿಲೋ ಇಳಿಸಿದ ವೀರ ಅಲ್ಲವೇ!

ಎರಡು ದಿನ ಬಿಟ್ಟು ಚೀಟಿ ಕೈಗೆ ಬಂತು. ಸಕ್ಕರೆ ಚೆನ್ನಾಗಿತ್ತು, ಹಿಂದಿನ ವರ್ಷಕ್ಕಿಂತ ಇಳಿದಿತ್ತು. ಟ್ರೈಗ್ಲಿಸರೈಡು ಎಂಬುದೂ ಇಳಿದಿತ್ತು. ಆದರೆ ಎಲ್‌ಡಿಎಲ್ ಅಂತಾರಲ್ಲ, ರಕ್ತನಾಳದ ಗೋಡೆಗೆ ಜಿಡ್ಡು ಹಿಡಿಸುವ ಕೊಲೆಸ್ಟರಾಲು, ಅದು ಹಿಂದಿನ ವರ್ಷ 121 ಇದ್ದದ್ದು ಈಗ 198! ನೂರರ ಒಳಗಿದ್ದರೆ ಒಳ್ಳೆಯದು, 190 ದಾಟಿದರೆ ಬಹಳ ಹೆಚ್ಚು ಅಂತ ಲೆಕ್ಕ.

ಶಿಬಿರದ ಡಾಕ್ಟರು ಚೀಟಿ ನೋಡಿ ನನ್ನ ಮುಖ ನೋಡಿದರು. "ಏನ್ ತಿನ್ನಾಕತ್ತಿ?" ಅಂತ ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದರು.

"ನಿಮ್ಮಪ್ಪ ಆರಾಮ ಅದಾರೇನು?"

ಗೆಳೆಯರೇ, ಈ ಕಾಲಂನಲ್ಲಿ ನನ್ನ ಮನೆಯ ಮಾತು ನಾನು ಬರೆದವನಲ್ಲ. ಇವತ್ತು ಬರೆಯುತ್ತೇನೆ. ನನ್ನಪ್ಪ ತೀರಿಕೊಂಡಾಗ ಅವನಿಗೆ 49. ದ್ರಾಕ್ಷಿ ಪಡದಲ್ಲಿ ಔಷಧ ಹೊಡೆದು ಬಂದವನು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ. ತಿಕೋಟಾದಿಂದ ವಿಜಯಪುರ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನಾನಾಗ ಪಿಯುಸಿ ಎರಡನೇ ವರ್ಷ. ಕಾಲೇಜು ಬಿಟ್ಟಿದ್ದು ಅದಕ್ಕೇ, ಸಿನಿಮಾ ಹುಚ್ಚಿಗಲ್ಲ. ಊರ ಮಂದಿ ಹಾಗೆ ತಿಳಿದಿದ್ದಾರೆ, ತಿಳಿಯಲಿ ಬಿಡಿ ಅಂತ ನಾನೂ ಸುಮ್ಮನಿದ್ದೆ.

ಡಾಕ್ಟರು ಹೇಳಿದರು: "ನೋಡಪ್ಪಾ, ಅಪ್ಪಗಾಗಲಿ ಅಣ್ಣತಮ್ಮಗಾಗಲಿ 55ರ ಒಳಗೆ ಹಾರ್ಟಿನ ತ್ರಾಸ ಬಂದಿದ್ರೆ ನಿನ್ನ ಲೆಕ್ಕಾನೇ ಬ್ಯಾರೆ. ಎಲ್ಲಾರ್ಗೂ ಚರಬಿ ತಿಂದ್ರ ಇಷ್ಟು ಏರಂಗಿಲ್ಲ, ಕೆಲವ್ರಿಗೆ ಏರತೈತಿ. ನಿನಗ ಏರೇತಿ. ನಿಲ್ಲಿಸು, ಮೂರು ತಿಂಗಳ ಬಿಟ್ಟು ಮತ್ತ ನೋಡೋಣ."

ಅವತ್ತೇ ಡಬ್ಬಿಯ ಚರಬಿ ಚೆಲ್ಲಿದೆ. ರೊಟ್ಟಿಗೆ ಮರಳಿದೆ. ಎಲ್ಲ ಮಾಡಿದೆ. ಒಂದೇ ಒಂದು ಕೆಲಸ ಮಾಡಲಿಲ್ಲ. ನಿಮಗೆ ಹೇಳಲಿಲ್ಲ! ಅಷ್ಟು ಪತ್ರ ಬಂದ ಲೇಖನ ತಪ್ಪಿತ್ತು ಅಂತ ಯಾವ ಮುಖ ಇಟ್ಟುಕೊಂಡು ಬರೆಯಲಿ? ಮುಂದಿನ ವಾರ, ಮುಂದಿನ ವಾರ ಅಂತ ಮುಂದೂಡಿದೆ. ಹೊಸ ಚಿತ್ರಗಳ ಸುದ್ದಿ ಬರೆದುಕೊಂಡು ಹಾಯಾಗಿದ್ದೆ.

ಬಬಲೇಶ್ವರದಿಂದ ಬಂದ ಪತ್ರ

ಆಮೇಲೆ ಬಂತು ಆ ಪತ್ರ. ಬಬಲೇಶ್ವರದ ಹುಡುಗ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ, ವಯಸ್ಸು 22. "ನಿಮ್ಮ ಲೇಖನ ಓದಿ ಐದು ತಿಂಗಳಿಂದ ರೊಟ್ಟಿ ಮುಟ್ಟಿಲ್ಲ ಅಣ್ಣಾರ. ಬಾಡಿ ಬಂದೈತಿ. ಫೋಟೋ ಕಳಿಸೀನಿ, ಯಾರಾದ್ರೂ ಡೈರೆಕ್ಟರ್ ಸಾಹೇಬ್ರಿಗೆ ತೋರಿಸ್ರಿ" ಅಂತ ಬರೆದಿದ್ದ. ಫೋಟೋ ನೋಡಿದೆ. ಸುಳ್ಳು ಹೇಳಬಾರದು, ಹುಡುಗ ಚೆನ್ನಾಗಿ ಪಳಗಿದ್ದ.

ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಬಬಲೇಶ್ವರದ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಹುಡುಗ ನನ್ನನ್ನು ನೋಡಿ ಹಿಗ್ಗಿಹೋದ. ಡೈರೆಕ್ಟರೇ ನನ್ನನ್ನು ಕಳಿಸಿದ್ದಾರೆ ಅಂದುಕೊಂಡಿರಬೇಕು. ಮನೆಗೆ ಕರೆದುಕೊಂಡು ಹೋದ. ಗೋಡೆಯ ಮೇಲೆ ಹೀರೋಗಳ ಚಿತ್ರದ ಸಾಲು. ಕೊನೆಗೆ ನನ್ನ ಕಾಲಂನ ಕತ್ತರಿಸಿದ ಪುಟ, ಮೇಲೆ ಸೆಲ್ಲೋಟೇಪು. ಅದನ್ನು ನೋಡಿ ನನ್ನ ಗಂಟಲು ಒಣಗಿತು.

ಅವನ ತಾಯಿ ನನ್ನ ಮುಂದೆ ತಾಟು ಇಟ್ಟರು. ಬಿಳಿಜೋಳದ ರೊಟ್ಟಿ, ಮಡಕಿಕಾಳ ಪಲ್ಯ, ಶೇಂಗಾ ಹಿಂಡಿ, ಮೊಸರು. ಹುಡುಗ ಬದಿಯಲ್ಲಿ ಕೂತು ತನ್ನ ಪಾಲಿನ ಕರಿದ ಮಾಂಸ ತಿನ್ನುತ್ತಿದ್ದ. ತಾಯಿ ನನ್ನನ್ನೇ ನೋಡುತ್ತ ಕೇಳಿದರು: "ತಮ್ಮಾ, ಪೇಪರಿನ್ಯಾಗ ಬರ್ಯಾವ ನೀನ ಏನು? ಹಾಂಗಾರ ಒಂದ್ ಮಾತು ಹೇಳು. ನಾ ಬಡದ ರೊಟ್ಟಿ ಉಂಡ ಇಂವ ಇಷ್ಟೆತ್ತರ ಆದ. ಈಗ ಅದ ರೊಟ್ಟಿ ಇಂವಗ ಇಷಾ ಹೆಂಗಾತು?"

ನಾನು ಏನು ಹೇಳಲಿ? ತಾಟಿನ ರೊಟ್ಟಿ ಮುರಿದೆ, ನುಂಗಲಾಗಲಿಲ್ಲ.

ಊಟದ ನಂತರ ಹುಡುಗನನ್ನು ಹೊರಗೆ ಕರೆದು ನನ್ನ ಚೀಟಿ ತೋರಿಸಿದೆ. 121, 198. ಅಪ್ಪನ ವಿಷಯ ಹೇಳಿದೆ. ಹುಡುಗನ ಮುಖ ಕೆಂಪೇರಿತು. "ಮತ್ತ ಅವಾಗ ಯಾಕ್ ಬರ್ಯಲಿಲ್ರಿ ಅಣ್ಣಾರ?" ಅಂದ. ಆ ಪ್ರಶ್ನೆಗೆ ಈ ವಾರದ ಪುಟವೇ ಉತ್ತರ, ತಡವಾದ ಉತ್ತರ.

ಮಾರನೆಯ ದಿನ ಅವನನ್ನು ವಿಜಯಪುರಕ್ಕೆ ಕರೆತಂದು ರಕ್ತ ಕೊಡಿಸಿದೆ. ಎಲ್‌ಡಿಎಲ್ 172. ಇಪ್ಪತ್ತೆರಡರ ಹುಡುಗ!

ಹಾಗಾದರೆ ನಿಜ ಏನು?

ಒಮ್ಮೆ ಬಿದ್ದವನು ಈ ಸಲ ನೋಡಿಕೊಂಡು ಕಾಲಿಟ್ಟಿದ್ದೇನೆ. ಓದಿದೆ, ತಿಳಿದವರನ್ನು ಕೇಳಿದೆ. ಪ್ಯಾಲಿಯೋ ಪೂರ್ತಿ ಮೋಸ ಅಂತ ಬರೆದರೆ ಅದೂ ಸುಳ್ಳಾಗುತ್ತದೆ.

2007ರಲ್ಲಿ ಸ್ವೀಡನ್ನಿನಲ್ಲಿ ಹೃದ್ರೋಗ ಮತ್ತು ಸಕ್ಕರೆ ತೊಂದರೆ ಇದ್ದ 29 ಗಂಡಸರ ಮೇಲೆ 12 ವಾರದ ಪ್ರಯೋಗ ನಡೆಯಿತು. ಪ್ಯಾಲಿಯೋ ಉಂಡವರ ಸಕ್ಕರೆ ಚೆನ್ನಾಗಿ ಹತೋಟಿಗೆ ಬಂತು. 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 70 ಹೆಂಗಸರನ್ನು ಎರಡು ವರ್ಷ ನೋಡಿದರು. ಆರು ತಿಂಗಳಿಗೆ ಪ್ಯಾಲಿಯೋದವರ ತೂಕ ಹೆಚ್ಚು ಇಳಿದಿತ್ತು. ಎರಡು ವರ್ಷ ಆಗುವಷ್ಟರಲ್ಲಿ ಎರಡೂ ಗುಂಪಿನವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಮೊದಲ ವಾರ ಹೌಸ್‌ಫುಲ್, ಆಮೇಲೆ ಎಂದಿನ ಕಲೆಕ್ಷನ್ನು.

ಇಲ್ಲಿ ನಾನು ಗಮನಿಸದೆ ಬಿಟ್ಟ ಒಂದು ಗುಟ್ಟಿದೆ. ಆ ಸ್ವೀಡನ್ನಿನವರು ತಿಂದದ್ದು ಕೊಬ್ಬಿಲ್ಲದ ಮಾಂಸ, ಮೀನು, ತತ್ತಿ, ಜೊತೆಗೆ ತರಕಾರಿ, ಹಣ್ಣು, ಗಡ್ಡೆ. ಡಬ್ಬಿಗಟ್ಟಲೆ ಚರಬಿ ಅಲ್ಲ! 1985ರ ಈಟನ್, ಕಾನರ್ ಲೇಖನದಲ್ಲೇ ಇದು ಬಂದಿದೆ. ಕಾಡುಪ್ರಾಣಿಯ ಮಾಂಸದಲ್ಲಿ ಕೊಬ್ಬು ನೂರಕ್ಕೆ ಸುಮಾರು 4 ಪಾಲು. ಸಾಕಿ ಕೊಬ್ಬಿಸಿದ ಪ್ರಾಣಿಯಲ್ಲಿ 25ರಿಂದ 30. ಓಡಿ ಓಡಿ ಬದುಕುವ ಜಿಂಕೆಗೂ ಕಟ್ಟಿ ಮೇಯಿಸಿದ ಟಗರಿಗೂ ಒಂದೇ ಮೈ ಇದ್ದೀತೇ? ಆದಿಮಾನವ ಜಿಂಕೆ ತಿಂದ ಅಂತ ನಾವು ಟಗರಿನ ಚರಬಿ ತಿಂದರೆ, ಅಣ್ಣಾವ್ರ ವಿಗ್ ಹಾಕಿಕೊಂಡು ಅಣ್ಣಾವ್ರೇ ಆದೆ ಅಂದ ಹಾಗೆ.

ಈಗ ಲೆಕ್ಕ ನೋಡಿ. ಕರಗಿಸಿದ ಕುರಿ ಕೊಬ್ಬಿನಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಣ್ಣಗಾದರೆ ಹೆಪ್ಪುಗಟ್ಟುವ ಜಾತಿಯದು. ಎಲ್‌ಡಿಎಲ್ ಏರಿಸುವುದು ಇದೇ. ದಿನದ ಒಟ್ಟು ಶಕ್ತಿಯಲ್ಲಿ ಇದರ ಪಾಲು ನೂರಕ್ಕೆ 10ನ್ನು ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೂ ಹೇಳಿದೆ. ದಿನಕ್ಕೆ 2000 ಕ್ಯಾಲರಿ ತಿನ್ನುವವನಿಗೆ ಅದು ಸುಮಾರು 22 ಗ್ರಾಂ. ಐವತ್ತು ಗ್ರಾಂ ಚರಬಿ ತಿಂದರೆ ಅಲ್ಲಿಗೇ ಕೋಟಾ ಮುಗಿಯಿತು! ತತ್ತಿ, ಮಾಂಸ, ತುಪ್ಪದ ಲೆಕ್ಕ ಇನ್ನೂ ಹಿಡಿದೇ ಇಲ್ಲ.

ನಮಗೆ ಇನ್ನೊಂದು ಎಚ್ಚರಿಕೆ. 2004ರಲ್ಲಿ ಫಲಿತಾಂಶ ಕೊಟ್ಟ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನ 52 ದೇಶಗಳಲ್ಲಿ ನಡೆದಿತ್ತು. ಭಾರತವೂ ಸೇರಿ ನಮ್ಮ ಕಡೆಯ ದೇಶಗಳವರಿಗೆ ಮೊದಲ ಹೃದಯಾಘಾತ ಬರುವ ನಡುವಯಸ್ಸು 53, ಉಳಿದವರಿಗೆ 58ರ ಆಚೆ ಅಂತ ಅದರ ಲೆಕ್ಕ. ನಮ್ಮ ಚಿತ್ರದಲ್ಲಿ ಕ್ಲೈಮ್ಯಾಕ್ಸು ಐದಾರು ರೀಲು ಮೊದಲೇ ಬರುತ್ತದೆ, ತಿಳಿಯಿತೇ?

ತಾಳಿಕೋಟಿ ದಾಟಿದರೆ ಆದಿಮಾನವ

ಹಿರಿಯರು ಮಾಂಸ ತಿಂದರು ಅಂತ ಜಿಮ್ಮಿನ ಹುಡುಗ ಹೇಳಿದನಲ್ಲ, ಆ ಹಿರಿಯರನ್ನು ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ವಿಜಯಪುರದಿಂದ ತಾಳಿಕೋಟಿ ದಾಟಿ ಮುಂದೆ ಹೋದರೆ ಯಾದಗಿರಿ ಜಿಲ್ಲೆಯ ಹುಣಸಗಿ. ಅದರ ಹತ್ತಿರ ಇಸಾಂಪುರ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಆ ಕಣಿವೆಯಲ್ಲಿ ದಶಕಗಳ ಕಾಲ ಅಲೆದು ಕೆಲಸ ಮಾಡಿದವರು. ಇಸಾಂಪುರದಲ್ಲಿ ಅವರು ಅಗೆದಾಗ ಸಿಕ್ಕಿದ್ದು ಕಲ್ಲಿನ ಕೊಡಲಿ ಮಾಡುವ ಒಂದು ಕಾರ್ಖಾನೆ! ಅಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲನ್ನು ಪರೀಕ್ಷೆ ಮಾಡಿ, ಸುಮಾರು 12 ಲಕ್ಷ ವರ್ಷ ಹಳೆಯದು ಅಂದರು. ನಮ್ಮಂಥ ಮನುಷ್ಯ ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಕಥೆ.

ಅವರು ಮಾಂಸ ತಿಂದರೇ? ತಿಂದರು. ಆದರೆ ಬರೀ ಮಾಂಸ ತಿಂದು ಬದುಕಿದರು ಅನ್ನಲು ಆಧಾರವಿಲ್ಲ. ಎಲುಬು, ಹಲ್ಲು ಮಣ್ಣಿನಲ್ಲಿ ಉಳಿಯುತ್ತವೆ. ಗೆಣಸು, ತಪ್ಪಲು, ಬೋರೆಹಣ್ಣು ಕೊಳೆತು ಹೋಗುತ್ತವೆ. ಉಳಿದದ್ದನ್ನಷ್ಟೇ ನೋಡಿ ಊಟದ ಪಟ್ಟಿ ಬರೆದರೆ ತಪ್ಪುತ್ತದೆ. ಯುರೋಪಿನಲ್ಲಿ ಸಿಕ್ಕ ಸುಮಾರು 30,000 ವರ್ಷ ಹಿಂದಿನ ಅರೆಯುವ ಕಲ್ಲುಗಳ ಮೇಲೆ ಗಡ್ಡೆಬೇರುಗಳ ಹಿಟ್ಟಿನ ಕಣ ಅಂಟಿದ್ದು 2010ರಲ್ಲಿ ಗೊತ್ತಾಯಿತು. ಶಿಲಾಯುಗದ ಅವ್ವನೂ ಹಿಟ್ಟು ಬೀಸುತ್ತಿದ್ದಳು, ಸ್ವಾಮಿ!

ಇನ್ನೂ ಒಂದು. ದಕ್ಷಿಣ ಅಮೆರಿಕದ ಬೊಲಿವಿಯಾ ಕಾಡಿನಲ್ಲಿ ಚಿಮಾನೆ ಎಂಬ ಜನ ಇದ್ದಾರೆ. ಬೇಟೆ ಆಡುತ್ತಾರೆ, ಮೀನು ಹಿಡಿಯುತ್ತಾರೆ, ಸ್ವಲ್ಪ ಬೆಳೆಯುತ್ತಾರೆ. 2017ರಲ್ಲಿ ಅವರ ಹೃದಯದ ನಾಳಗಳನ್ನು ಸ್ಕ್ಯಾನ್ ಮಾಡಿ ನೋಡಿದರು. ಅಲ್ಲಿಯವರೆಗೆ ಪರೀಕ್ಷಿಸಿದ ಜನರಲ್ಲೆಲ್ಲ ಇವರ ನಾಳಗಳೇ ಶುದ್ಧ. ಇವರು ಏನು ತಿನ್ನುತ್ತಾರೆ? ಊಟದ ಶಕ್ತಿಯಲ್ಲಿ ನೂರಕ್ಕೆ 72 ಪಾಲು ಅಕ್ಕಿ, ಬಾಳೆ, ಗೆಣಸು, ಮೆಕ್ಕೆಜೋಳದಂಥ ಪದಾರ್ಥ! ಕೊಬ್ಬು ಬರೀ 14. ಗಂಡಸರು ದಿನಕ್ಕೆ ಆರೇಳು ತಾಸು ಮೈ ದಂಡಿಸುತ್ತಾರೆ. ನಾವು ಆದಿಮಾನವನ ತಾಟನ್ನು ನೋಡಿದೆವು, ಅವನ ಕಾಲನ್ನು ನೋಡಲಿಲ್ಲ.

ಪೈಲ್ವಾನ್ ಮಾವ

ಇದನ್ನೆಲ್ಲ ಹೊತ್ತುಕೊಂಡು ತಿಕೋಟಾಕ್ಕೆ ಹೋಗಿ ನನ್ನ ಸೋದರಮಾವನ ಮುಂದೆ ಕೂತೆ. ಮಾವ ಒಂದು ಕಾಲದ ಕುಸ್ತಿ ಪೈಲ್ವಾನ. ಈಗ 70 ದಾಟಿದ್ದಾನೆ, ಮೊಳಕಾಲು ಹೋಗಿದೆ, ಮೀಸೆ ಮಾತ್ರ ಹಾಗೇ ಇದೆ.

"ಮಾವಾ, ನೀ ತುಪ್ಪ, ಮಟನ್ ಎಲ್ಲಾ ಹೊಡೀತಿದ್ದಿ. ನಿನಗ ಏನೂ ಆಗಲಿಲ್ಲಲ್ಲ?"

ಮಾವ ನಕ್ಕ. "ಅಳ್ಯಾ, ನಮ್ಮ ಖುರಾಕು ನೋಡಿದಿ, ಗರಡಿ ನೋಡಲಿಲ್ಲ. ನಸುಕಿನ್ಯಾಗ ಎದ್ದು ಸಾವಿರ ಬೈಠಕ್, ಐನೂರು ದಂಡ. ಆಮ್ಯಾಲ ಮಣ್ಣ ಅಗದು ಜೋಡಿ ಹಿಡೀತಿದ್ವಿ. ಆಮ್ಯಾಲ ಹೊಲ. ಹಾಲು, ತುಪ್ಪ, ಬದಾಮು ಇತ್ತು, ಮಟನ್ ವಾರಕ್ಕೊಮ್ಮೆ. ಹೊಟ್ಟಿ ತುಂಬಸೂದು ರೊಟ್ಟೀನ. ಕಾಲು ಹೋದ ದಿನ ನಾ ಮೊದಲ ಖುರಾಕು ನಿಲ್ಲಿಸಿದೆ. ನನ್ನ ಜೋಡಿಯವ ನಿಲ್ಲಿಸಲಿಲ್ಲ. ಗರಡಿ ಬಿಟ್ಟ, ಖುರಾಕು ಬಿಡಲಿಲ್ಲ. ಈಗ ಅವನ ಫೋಟೋಕ್ಕ ಮಾಲಿ ಐತಿ."

ಪೇಪರು, ಪ್ರಯೋಗ ಏನೂ ಓದದ ಮಾವ ಹೇಳಿದ್ದೂ ಬೊಲಿವಿಯಾದ ಲೆಕ್ಕವೂ ಒಂದೇ ಕಡೆ ಬಂದು ನಿಂತವು.

ಏನು ತಿನ್ನೋಣ ಹಾಗಾದರೆ?

ಮಾಂಸ ತಿನ್ನುವ ಮನೆಯವರು ಮಾಂಸ ಬಿಡಬೇಕಾಗಿಲ್ಲ. ಬೇಯಿಸಿದ ಕೆಂಪು ಮಾಂಸ ವಾರಕ್ಕೆ 350ರಿಂದ 500 ಗ್ರಾಂ ಮೀರದಿರಲಿ ಅಂತ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳುತ್ತದೆ. ಮೇಲಿನ ಕೊಬ್ಬು ತೆಗೆಸಿ ತನ್ನಿ. ಕೋಳಿ, ಮೀನು ಹೆಚ್ಚಿಸಿ. ಡಬ್ಬಿ, ಪ್ಯಾಕೆಟ್ಟಿನ ಸಾಸೇಜು, ಸಲಾಮಿಗಳಂತೂ ಬೇಡ. ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣವಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿಯಾಗಿದೆ.

ಪ್ಯಾಲಿಯೋದಿಂದ ಕಲಿಯುವಂಥದ್ದೂ ಇದೆ. ಸಕ್ಕರೆ, ಮೈದಾ, ಬೇಕರಿ ತಿಂಡಿ, ಬಾಟಲಿ ತಂಪುಪಾನೀಯ, ಕರಿದ ಪ್ಯಾಕೆಟ್ಟು, ಇವನ್ನೆಲ್ಲ ಬಿಡು ಅನ್ನುತ್ತದೆ ಅದು. ಬಿಡಿ. ನನ್ನ ಹನ್ನೊಂದು ಕಿಲೋದಲ್ಲಿ ಬಹಳ ಪಾಲು ಇದರದ್ದೇ ಕರಾಮತ್ತು ಅಂತ ಈಗ ಅನ್ನಿಸುತ್ತಿದೆ. ಬಸ್‌ಸ್ಟ್ಯಾಂಡಿನ ನಾಲ್ಕು ಚಹಾ, ಎರಡು ಮಿರ್ಚಿ ಬಜಿ ಬಿಟ್ಟದ್ದರ ಕೀರ್ತಿಯನ್ನು ನಾನು ಚರಬಿಗೆ ಕೊಟ್ಟಿದ್ದೆ!

"ನಮ್ಮ ಮನ್ಯಾಗ ತತ್ತೀನೂ ಮುಟ್ಟಂಗಿಲ್ಲ, ನಮಗ ಬಾಡಿ ಬರಂಗಿಲ್ಲೇನ್ರಿ?" ಅಂತ ಹಲವರು ಬರೆದಿದ್ದೀರಿ. ಬರುತ್ತದೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು, ನೂರು ಗ್ರಾಂ ಜೋಳದಲ್ಲಿ ಸುಮಾರು 10. ಮಡಕಿ, ಹೆಸರು, ಕಡಲೆ, ಮೊಸರು, ಹಾಲು ಇದ್ದೇ ಇವೆ. ರೊಟ್ಟಿ, ಕಾಳು, ಹಿಂಡಿ, ಮೊಸರು ಕೂಡಿದ ತಾಟು ಬಡವರ ಊಟ ಅಂತ ನಾಚಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹಾಕಿಕೊಟ್ಟ ದಿನದ ತಾಟಿನಲ್ಲಿ 2000 ಕ್ಯಾಲರಿಗೆ ಧಾನ್ಯ 250 ಗ್ರಾಂ, ತರಕಾರಿ 400, ಹಣ್ಣು 100, ಕಾಳು ಅಥವಾ ತತ್ತಿ ಮಾಂಸ 85, ಶೇಂಗಾದಂಥ ಬೀಜ 35, ಎಣ್ಣೆ ತುಪ್ಪ ಎಲ್ಲ ಸೇರಿ 27. ಅವ್ವನ ತಾಟಿಗೂ ಇದಕ್ಕೂ ಬಹಳ ದೂರವಿಲ್ಲ. ತಪ್ಪಲಪಲ್ಯ, ಹಣ್ಣು ಇನ್ನಷ್ಟು ಹಾಕಿ, ಎಣ್ಣೆ ಕಡಿಮೆ ಮಾಡಿದರೆ ಆಯಿತು. ಸಾವಿರಾರು ರೂಪಾಯಿಯ ಪೌಡರ್ ಡಬ್ಬಿಯ ಗೊಡವೆ ಬೇಡ ಅಂತಲೂ ಅದೇ ಸಂಸ್ಥೆ ಹೇಳಿದೆ.

ಕೊನೆಯ ಮಾತು, ಗಟ್ಟಿ ಮಾತು. ಯಾವ ಡಯೆಟ್ಟೇ ಹಿಡಿಯಿರಿ, ಹಿಡಿಯುವ ಮೊದಲು ಒಮ್ಮೆ, ಮೂರು ತಿಂಗಳ ಮೇಲೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಏನಾಗಿತ್ತು ಅಂತ ಕೇಳಿ ತಿಳಿದು ಡಾಕ್ಟರಿಗೆ ಹೇಳಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಊಟ ಬದಲಿಸಬೇಡಿ. ಎದೆಯ ಅಳತೆ ತೆಗೆಯಲು ಟೇಪು ಸಾಕು, ಎದೆಯ ಒಳಗಿನದಕ್ಕೆ ಟೇಪು ಮುಟ್ಟುವುದಿಲ್ಲ.

ನನ್ನ ಎಲ್‌ಡಿಎಲ್ ಮೂರು ತಿಂಗಳಲ್ಲಿ 134ಕ್ಕೆ ಇಳಿದಿದೆ. ಇನ್ನೂ ಇಳಿಯಬೇಕು, ಇಲ್ಲವಾದರೆ ಮಾತ್ರೆ ಅಂದಿದ್ದಾರೆ ಡಾಕ್ಟರು. ತೂಕ ಎರಡು ಕಿಲೋ ವಾಪಸು ಬಂದಿದೆ. ಬರಲಿ.

ಬಬಲೇಶ್ವರದ ಹುಡುಗ ಇನ್ನೂ ನನ್ನ ಮೇಲೆ ಸಿಟ್ಟಿನಲ್ಲಿದ್ದಾನೆ. ಚರಬಿ ಬಿಟ್ಟಿದ್ದಾನಂತೆ. ರೊಟ್ಟಿ ಹಿಡಿದಿದ್ದಾನೋ ಇಲ್ಲವೋ ಹೇಳಲಿಲ್ಲ. ಫೋನು ಮಾಡಿದರೆ "ಹೂಂ", "ಹಾಂ" ಅಷ್ಟೇ. ಮೂರು ತಿಂಗಳ ಮೇಲೆ ಮತ್ತೆ ರಕ್ತ ಕೊಡಿಸಲು ಕರೆದುಕೊಂಡು ಹೋಗುವುದು ಅಂತ ಇಬ್ಬರಿಗೂ ಒಪ್ಪಂದವಾಗಿದೆ. ಅವನ ಫೋಟೋ ನನ್ನ ಬ್ಯಾಗಿನಲ್ಲಿದೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಒಬ್ಬ ಫೈಟ್ ಮಾಸ್ಟರಿಗೆ ತೋರಿಸುತ್ತೇನೆ. ಅಷ್ಟು ಋಣ ನನ್ನ ಮೇಲಿದೆ.

ತಮ್ಮಾ, ಈ ಪುಟ ಓದುತ್ತೀಯ ಅಂತ ಗೊತ್ತು. ಗೋಡೆಯ ಮೇಲಿನ ಹಳೆ ಪುಟ ಕಿತ್ತು ಹಾಕು. ಇದನ್ನು ಅಂಟಿಸಬೇಕು ಅಂತೇನಿಲ್ಲ. ಅವ್ವಗ ಒಮ್ಮೆ ಓದಿ ಹೇಳು, ಸಾಕು.

ಆ ಲೇಖನ ಓದಿ ಊಟ ಬದಲಿಸಿದ ಉಳಿದವರೂ ಬರೆಯಿರಿ, ಬೈದೇ ಬರೆಯಿರಿ. ಮುಂದಿನ ವಾರ ಸಿನಿಮಾ ಸುದ್ದಿಯೊಂದಿಗೆ ಸಿಗುತ್ತೇನೆ. ಬೆಲ್ ಹೊಡೆಯಿತು, ಒಳಗೆ ನಡೆಯಿರಿ!